ಮಂಡಿ ಬದಲಾವಣೆ ಸರ್ಜರಿ ಕೆಲವರಿಗೆ ಯಾಕೆ ವಿಫಲವಾಗುತ್ತದೆ?

ಕೊಡಗಿನ ಕಾಫಿ ತೋಟದ ಏರು ಇಳಿಜಾರಿನಲ್ಲಿ ದಿನಾ ಓಡಾಡುವ ಅಮ್ಮನಿಗೆ ಮಂಡಿ ಬದಲಾಯಿಸಿದರೆ ಬಾಳುತ್ತದಾ ಎಂದು ಕೇಳಿದ್ದೀರಿ. ಸುಮ್ನೆ ಹೆದರಬೇಡಿ. 100 ಕೃತಕ ಮಂಡಿಗಳಲ್ಲಿ ಸುಮಾರು 80 ಮಂಡಿ 25 ವರ್ಷ ಬಾಳುತ್ತವೆ.

ಮೊದಲ ಒಂದೆರಡು ವರ್ಷದಲ್ಲಿ ಕೆಟ್ಟರೆ ಹೆಚ್ಚಾಗಿ ಕಾರಣ ಸೋಂಕು. ಬ್ಯಾಕ್ಟೀರಿಯಾ ಕೃತಕ ಮಂಡಿಯ ಲೋಹದ ಮೇಲೆ ಪದರ ಕಟ್ಟಿಕೊಂಡರೆ ಆಂಟಿಬಯೋಟಿಕ್ ಅದನ್ನು ಕೊಲ್ಲುವುದು ಕಷ್ಟ. ಆಗ ಹಾಕಿದ ಮಂಡಿಯನ್ನೇ ತೆಗೆಯಬೇಕಾಗಬಹುದು. ಹತೋಟಿಯಲ್ಲಿಲ್ಲದ ಶುಗರ್, ಸಿಗರೇಟು ಈ ಅಪಾಯವನ್ನು ಜಾಸ್ತಿ ಮಾಡುತ್ತವೆ. ನಮ್ಮ ಮಳೆಗಾಲದಲ್ಲಿ ಜಿಗಣೆ ಕಚ್ಚಿ ಕೆರೆದ ಗಾಯ, ಬೆರಳ ಸಂದಿನ ಹುಣ್ಣು ಸಾಮಾನ್ಯ ಅಲ್ವಾ? ಅವು ಸರ್ಜರಿಗೆ ಮುಂಚೆಯೇ ವಾಸಿಯಾಗಬೇಕು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ವರ್ಷಗಳು ಕಳೆದ ಮೇಲೆ ಕೃತಕ ಕೀಲು ಸಡಿಲವಾಗುವುದೇ ಮುಖ್ಯ ತೊಂದರೆ. ಅದರ ಲೋಹದ ಭಾಗಗಳ ನಡುವಿನ ಪ್ಲಾಸ್ಟಿಕ್ ಸವೆದು ಉದುರುವ ಕಣಗಳಿಗೆ ದೇಹ ಪ್ರತಿಕ್ರಿಯಿಸುತ್ತದೆ, ಸುತ್ತಲಿನ ಮೂಳೆ ಕರಗುತ್ತದೆ. ಕೀಲು ಓರೆಯಾಗಿ ಕೂತಿದ್ದರೆ ಇದು ಬೇಗ ಆಗುತ್ತದೆ. ಪಾಚಿಯಲ್ಲಿ ಜಾರಿ ಬಿದ್ದರೆ ಕೀಲಿನ ಪಕ್ಕದ ಮೂಳೆ ಮುರಿಯಬಹುದು. ವ್ಯಾಯಾಮ ಬಿಟ್ಟರೆ ಮಂಡಿ ಬಿಗಿಯುತ್ತದೆ.

ಸರ್ಜರಿ ಆದ ಮೇಲೆ ಮಂಡಿ ಕೆಂಪಾಗಿ ಊದಿದರೆ, ಜ್ವರ ಬಂದರೆ, ಗಾಯ ಸೋರಿದರೆ ತಕ್ಷಣ ಸರ್ಜನ್‌ಗೆ ತೋರಿಸಿ. ಮೆಡಿಕಲ್ ಶಾಪಿನಿಂದ ನೀವೇ ಆಂಟಿಬಯೋಟಿಕ್ ತಂದು ಕೊಡಬೇಡಿ, ಪರೀಕ್ಷೆಯಲ್ಲಿ ರೋಗಾಣು ಪತ್ತೆಯಾಗದೆ ಹೋಗಬಹುದು.