ದಾವಣಗೆರೆಯಿಂದ ಜರ್ಮನಿಗೆ ಕೆಲಸಕ್ಕೆ ಹೊರಟವರ ಕೈಯಲ್ಲಿ ಎಷ್ಟು ದುಡ್ಡಿರಬೇಕು?

ನೀವು ಕೇಳಿರುವುದು ಇಷ್ಟು: ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಸಂಬಳ ವರ್ಷಕ್ಕೆ 52,000 ಯೂರೋ, ಒಬ್ಬರೇ ಹೋಗುತ್ತಿದ್ದೀರಿ, ಅಪ್ಪ-ಅಮ್ಮ ನಿಟ್ಟುವಳ್ಳಿಯಲ್ಲಿ ಇರುತ್ತಾರೆ. ಕೈಯಲ್ಲಿ 4 ಲಕ್ಷ ಇದೆ, ಸಾಕಾ? ಮೊದಲ ತಿಂಗಳಿಂದಲೇ ಮನೆಗೆ 1 ಲಕ್ಷ ಕಳಿಸಬಹುದಾ?

ಸಾಲುವುದಿಲ್ಲ. ಮೊದಲ ತಿಂಗಳಿಂದ 1 ಲಕ್ಷ ಕಳಿಸುವುದೂ ಆಗುವುದಿಲ್ಲ. ಆದರೆ ಇದಕ್ಕಾಗಿ ಬಂದ ಕೆಲಸ ಬಿಡಬೇಕಿಲ್ಲ. ನಾನೂ ದಾವಣಗೆರೆಯವಳೇ, ವಿದ್ಯಾನಗರ. ನೀವು ಹೊರಟಿರುವ ಸ್ಟುಟ್‌ಗಾರ್ಟ್‌ಗೇ ಹೋಗಿ ಮನೆ ಹುಡುಕಿ ನೆಲೆ ನಿಂತವಳು. ಹಾಗಾಗಿ ನಿಮ್ಮ ಲೆಕ್ಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಸಂಬಳದ ಮಾತು. ನಮ್ಮಲ್ಲಿ ಎಲ್ಲರೂ 52,000ವನ್ನು ಯೂರೋ ದರದಿಂದ ಗುಣಿಸಿ, ವರ್ಷಕ್ಕೆ 50 ಲಕ್ಷದ ಮೇಲೆ ಅನ್ನುತ್ತಾರೆ. ಆ ಲೆಕ್ಕ ಮನೆಯಲ್ಲಿ ಕೂತುಬಿಟ್ಟರೆ ನಿಮಗೆ ಕಷ್ಟ. ಮದುವೆಯಾಗದ ಒಬ್ಬರಿಗೆ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಳೆದು ಕೈಗೆ ಬರುವುದು ತಿಂಗಳಿಗೆ ಸುಮಾರು 2,750 ಯೂರೋ. ಮೊದಲ ತಿಂಗಳು ಅದೂ ಕಡಿಮೆ ಬರಬಹುದು. ಅಲ್ಲಿ ಇಳಿದ ಮೇಲೆ ವಿಳಾಸ ನೋಂದಣಿ ಮಾಡಿಸಬೇಕು. ಆಮೇಲೆ ನಿಮ್ಮ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ಕಂಪನಿಗೆ ತಲುಪದಿದ್ದರೆ ನಿಮ್ಮನ್ನು 6ನೇ ತೆರಿಗೆ ವರ್ಗದಲ್ಲಿ ಹಾಕುತ್ತಾರೆ, ಅಂದರೆ ಎಲ್ಲಕ್ಕಿಂತ ಜಾಸ್ತಿ ಕಡಿತ. ಮುಂದೆ ಸರಿಹೋಗಿ ವಾಪಸ್ ಬರುತ್ತದೆ, ನಿಜ. ಆದರೆ ಬಾಡಿಗೆ ಕಟ್ಟುವ ದಿನ ಕಾಯುವುದಿಲ್ಲ ಅಲ್ವಾ.

ಅದಕ್ಕೇ ನಾನು ಹೇಳುವುದು: ತಿಂಗಳ ಖರ್ಚಿನ ಲೆಕ್ಕ ಆಮೇಲೆ ಹಾಕಿ. ಮೊದಲು, ಮೊದಲ ಪೂರ್ತಿ ಸಂಬಳ ಬರುವವರೆಗೆ ಹೇಗೆ ದಾಟುತ್ತೀರಿ ಅನ್ನುವ ಲೆಕ್ಕ ಹಾಕಿ. ಅದಕ್ಕೆ ಎರಡು ತಿಂಗಳು ಅಂತ ಹಿಡಿಯಿರಿ. ಸುಲಭವಾಗಲಿ ಅಂತ 1 ಯೂರೋಗೆ 100 ರೂಪಾಯಿ ಹಿಡಿದಿದ್ದೇನೆ. ನೀವು ಕಳಿಸುವ ದಿನದ ದರ ಹಾಕಿ ತಿದ್ದಿಕೊಳ್ಳಿ, ಬ್ಯಾಂಕ್ ತನ್ನ ಪಾಲನ್ನೂ ಸೇರಿಸುತ್ತದೆ.

ಇಲ್ಲಿನ ಖರ್ಚು ಒಟ್ಟು 1 ಲಕ್ಷ ಇಡಿ. ವೀಸಾ ಶುಲ್ಕ 75 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಶುಲ್ಕ. ನಿಮ್ಮ ಡಿಗ್ರಿಗೆ ಅಲ್ಲಿನ ಮಾನ್ಯತೆ ಪತ್ರ ಬೇಕಾದರೆ ಇನ್ನೂ 200 ಯೂರೋ ಮೇಲೆ. ಬೆಂಗಳೂರಿಗೆ ಓಡಾಟ, ಮೊದಲ ದಿನಗಳಿಗೆ ಪ್ರಯಾಣ ವಿಮೆ, ಟಿಕೆಟ್. ಇನ್ನೊಂದು ಮಾತು. ಯಾರಾದರೂ ಏಜೆಂಟ್ 'ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಡಬೇಕು' ಅಂದರೆ ನಂಬಬೇಡಿ. ಅದು ಓದಲು ಹೋಗುವವರು ಖರ್ಚಿಗೆ ಅಂತ ಮೊದಲೇ ದುಡ್ಡಿಟ್ಟು, ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಖಾತೆ. ನಿಮ್ಮ ಹತ್ತಿರ ಕೆಲಸದ ಕರಾರು ಇದೆ, ನಿಮಗೆ ಅದು ಬೇಕಿಲ್ಲ.

ಈಗ ಅಲ್ಲಿನದು. ದೊಡ್ಡ ಹೊಡೆತ ಮನೆಯದ್ದೇ. ಹೋದ ತಕ್ಷಣ ಖಾಯಂ ಮನೆ ಸಿಗುವುದಿಲ್ಲ. ಸಾಮಾನು ಸಮೇತ ಇರುವ ತಾತ್ಕಾಲಿಕ ರೂಮಿಗೆ ಮೊದಲ ತಿಂಗಳು 1,100 ಯೂರೋ ಇಟ್ಟುಕೊಳ್ಳಿ. ವಿಳಾಸ ನೋಂದಣಿಗೆ ಒಪ್ಪುತ್ತಾರಾ ಅಂತ ಬುಕ್ ಮಾಡುವ ಮುಂಚೆಯೇ ಬರಹದಲ್ಲಿ ಕೇಳಿ. ಒಪ್ಪದ ರೂಮು ಎಷ್ಟು ಅಗ್ಗವಾದರೂ ಬೇಡ. ಮೇಲೆ ಹೇಳಿದ ತೆರಿಗೆ ಸಂಖ್ಯೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಖಾಯಂ ಮನೆಗೆ ಅಲ್ಲಿ ಎರಡು ಬಾಡಿಗೆ ಹೇಳುತ್ತಾರೆ. ಬರೀ ಮನೆಯದ್ದು ಕಾಲ್ಟ್‌ಮೀಟೆ. ಹೀಟಿಂಗ್, ನೀರು, ಕಸ ಎಲ್ಲ ಸೇರಿದ್ದು ವಾರ್ಮ್‌ಮೀಟೆ. ಒಂದು ಸಣ್ಣ ಮನೆಗೆ ಮೊದಲನೆಯದು 700, ಎರಡನೆಯದು 900 ಅಂತಿಟ್ಟುಕೊಳ್ಳೋಣ. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವಂತಿಲ್ಲ, ಅಂದರೆ 2,100 ಯೂರೋ. ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕೂ ಕಾನೂನಿನಲ್ಲಿದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ನಿಮ್ಮಂಥವರಿಗೆ ದೊಡ್ಡ ಆಸರೆ. ಆದರೆ ಮನೆಗೆ ಪೈಪೋಟಿ ಇರುವ ಊರು ಅದು. ಒಂದೇ ಸಲ ಕೊಡುವವರನ್ನು ಆರಿಸಿಕೊಳ್ಳುವ ಮಾಲೀಕರೂ ಇದ್ದಾರೆ. ಆದ್ದರಿಂದ ಉಳಿದ 1,400 ಯೂರೋ ಬೇಕಾದಾಗ ತರುವ ದಾರಿಯೊಂದನ್ನು ಮೊದಲೇ ನೋಡಿಟ್ಟಿರಿ.

ಖಾಲಿ ಮನೆ ಅಂದರೆ ಅಲ್ಲಿ ನಿಜಕ್ಕೂ ಖಾಲಿ. ಎಷ್ಟೋ ಮನೆಯಲ್ಲಿ ಅಡುಗೆಮನೆಯ ಕಪಾಟು, ಒಲೆ, ಸಿಂಕ್ ಕೂಡ ಇರುವುದಿಲ್ಲ, ದೀಪದ ಜಾಗದಲ್ಲಿ ವೈರ್ ನೇತಾಡುತ್ತಿರುತ್ತದೆ. ಅಡುಗೆಮನೆ ಇರುವ ಮನೆಯನ್ನೇ ಹುಡುಕಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಹಾಸಿಗೆ, ಟೇಬಲ್, ಪಾತ್ರೆಗೆ 800 ಯೂರೋ ಇಡಿ, ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ಸಿಗುತ್ತದೆ. ಎರಡು ತಿಂಗಳ ಊಟ, ಓಡಾಟ, ಫೋನಿಗೆ 700.

ಕೂಡಿಸಿ ನೋಡಿ: ರೂಮು 1,100, ಮನೆಯ ಮೊದಲ ಬಾಡಿಗೆ 900, ಅಡ್ವಾನ್ಸಿನ ಒಂದು ಕಂತು 700, ಸಾಮಾನು 800, ಊಟ-ಓಡಾಟ 700. ಒಟ್ಟು 4,200 ಯೂರೋ. ಆಪತ್ತಿಗೆ ಅಂತ 1,000 ಸೇರಿಸಿ. ಇಲ್ಲಿನ ಖರ್ಚೂ ಕೂಡಿದರೆ 6 ಲಕ್ಷ 20 ಸಾವಿರ. ನಿಮಗೆ 2 ಲಕ್ಷದ ಮೇಲೆ ಕೊರೆ ಬೀಳುತ್ತದೆ.

ಆ ಕೊರೆ ತುಂಬಲು ಪರಿಚಯದವರ ಹತ್ತಿರ ಕೈಸಾಲ ಮಾಡಬೇಡಿ. ನೂರಕ್ಕೆ 2 ರೂಪಾಯಿ ಬಡ್ಡಿ ಕೇಳಲು ಸಣ್ಣದು, ವರ್ಷಕ್ಕೆ ಅದು ಶೇಕಡಾ 24. ಬ್ಯಾಂಕಿನಲ್ಲಿ ಬಂಗಾರ ಇಟ್ಟರೆ ಅದರ ಅರ್ಧದ ಆಸುಪಾಸಿನಲ್ಲಿ ಮುಗಿಯುತ್ತದೆ. ಅಮ್ಮನಿಗೆ ಬಿಡಿಸಿಕೊಡುವ ತಿಂಗಳು ಯಾವುದು ಅಂತ ಈಗಲೇ ಹೇಳಿ, ಹಾಗೆ ನಡೆದುಕೊಳ್ಳಿ. ಚೀಟಿ ನಡೆಯುತ್ತಿದ್ದರೆ ಅದರ ಕಂತನ್ನೂ ಲೆಕ್ಕಕ್ಕೆ ತನ್ನಿ, ಹೊಸದು ಹಾಕಬೇಡಿ.

ಮನೆಯ ಮಾತಿಗೆ ಬರೋಣ, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಸಂಬಳ ಶುರುವಾದ ಮೇಲಿನ ಲೆಕ್ಕ ಹೀಗಿರುತ್ತದೆ. 2,750ರಲ್ಲಿ ಬಾಡಿಗೆ 900, ರೈಲು-ಬಸ್ಸಿನ ತಿಂಗಳ ಪಾಸು 63, ಪ್ರತಿ ಮನೆಯೂ ಕಟ್ಟಲೇಬೇಕಾದ ಟಿವಿ-ರೇಡಿಯೋ ಶುಲ್ಕ 18.36, ಊಟಕ್ಕೆ 300, ಕರೆಂಟು-ಇಂಟರ್‌ನೆಟ್‌ಗೆ 100, ಇತರೆ 250. ಉಳಿಯುವುದು 1,100ರ ಹತ್ತಿರ. ಅಡ್ವಾನ್ಸಿನ ಕಂತು ಇರುವ ಎರಡು ತಿಂಗಳು 400 ಮಾತ್ರ. ಇದರಲ್ಲಿ 1 ಲಕ್ಷ ಎಲ್ಲಿಂದ ಕಳಿಸುತ್ತೀರಿ?

ಅಪ್ಪ-ಅಮ್ಮನ ಮುಂದೆ ಕೂತು ಈ ಕಾಗದವನ್ನೇ ತೋರಿಸಿ. ಮೊದಲ ಆರು ತಿಂಗಳು ಏನೂ ಕಳಿಸುವುದಿಲ್ಲ, ಆಮೇಲೆ 40 ಸಾವಿರ ಕಳಿಸುತ್ತೇನೆ ಅನ್ನಿ. ಕೊಟ್ಟ ಮಾತು ಉಳಿಸಿಕೊಳ್ಳಲು ಮೈಕೊರೆಯುವ ಚಳಿಯಲ್ಲಿ ಬ್ರೆಡ್ ತಿಂದು ದಿನ ತಳ್ಳುವ ಹುಡುಗರನ್ನು ನೋಡಿದ್ದೇನೆ, ಸಂಕಟವಾಗುತ್ತದೆ. ಆ ಆರು ತಿಂಗಳಿಗೆ ಮನೆ ಖರ್ಚು ಅಪ್ಪನ ಆದಾಯದಲ್ಲಿ ನಡೆಯುವುದಿಲ್ಲ ಅಂತಾದರೆ, ಆ ದುಡ್ಡನ್ನು ಹೊರಡುವ ಮುಂಚೆಯೇ ಅವರ ಖಾತೆಗೆ ಹಾಕಿ, ಬೇಕಾದರೆ ಕೆಲಸ ಸೇರುವ ದಿನವನ್ನು ಎರಡು ತಿಂಗಳು ಮುಂದಕ್ಕೆ ಕೇಳಿ. ಅವರ ಆರೋಗ್ಯ ವಿಮೆಯ ಕಂತನ್ನೂ ಕಟ್ಟಿ ಹೋಗಿ. ನಿಮ್ಮ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ವಿದೇಶದಲ್ಲಿ ನೆಲೆಸಿದವರ ಇಲ್ಲಿನ ಹಣಕ್ಕಿರುವ ಖಾತೆ) ಮಾಡಿಸಬೇಕಾಗುತ್ತದೆ, ಅಲ್ಲಿಂದ ಕಳಿಸಲು ಎನ್‌ಆರ್‌ಇ (ವಿದೇಶದ ದುಡಿಮೆ ಹಾಕುವ) ಖಾತೆ ತೆರೆಯಿರಿ. ಬ್ಯಾಂಕಿನ ಒಟಿಪಿ ಬರುವ ಸಿಮ್ಮನ್ನು ರೀಚಾರ್ಜ್ ಮಾಡುತ್ತಾ ಜೀವಂತ ಇಡಿ.

ದುಡ್ಡು ಒಯ್ಯುವಾಗ ಸ್ವಲ್ಪ ನೋಟು, ಉಳಿದಿದ್ದು ಫಾರೆಕ್ಸ್ ಕಾರ್ಡ್‌ನಲ್ಲಿ. ಹೀಗೆ ಹೊರಗೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ದಾಟದಿದ್ದರೆ ಟಿಸಿಎಸ್ (ಬ್ಯಾಂಕ್ ಮುಂಗಡವಾಗಿ ಹಿಡಿಯುವ ತೆರಿಗೆ) ಇಲ್ಲ. ಬ್ಯಾಗಿನಲ್ಲಿ ಚಟ್ನಿಪುಡಿ, ಕುಕ್ಕರ್ ಇರಲಿ. ಬೆಣ್ಣೆ, ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥಗಳನ್ನು ಯೂರೋಪಿಗೆ ಒಳಗೆ ಬಿಡುವುದಿಲ್ಲ.

ಈ ವಾರವೇ ಕಂಪನಿಗೆ ಒಂದು ಮೇಲ್ ಹಾಕಿ. ಟಿಕೆಟ್ ಮತ್ತು ಮೊದಲ ತಿಂಗಳ ರೂಮಿನ ಖರ್ಚು ಕೊಡುತ್ತೀರಾ, ಮುಂಗಡ ಕೊಡುತ್ತೀರಾ ಅಥವಾ ಬಿಲ್ ನೋಡಿ ಆಮೇಲೆಯಾ ಅಂತ ನೇರವಾಗಿ ಕೇಳಿ. ಅಲ್ಲಿ ಹೀಗೆ ಕೇಳುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಸೇರುವ ದಿನ ತಿಂಗಳ 1ನೇ ತಾರೀಕೇ ಇರಲಿ ಅಂತಲೂ ಬರೆಯಿರಿ. 15ಕ್ಕೆ ಸೇರಿದರೆ ಆ ತಿಂಗಳ ಸಂಬಳದ ಪಟ್ಟಿ ಮುಗಿದಿರಬಹುದು, ಮೇಲಿನ ಲೆಕ್ಕಕ್ಕೆ ಇನ್ನೊಂದು ತಿಂಗಳು ಸೇರುತ್ತದೆ. ಅವರ ಉತ್ತರ ಬಂದ ಮೇಲೆ ಇಲ್ಲೇ ಬರೆಯಿರಿ, ಅಂಕಿ ತಿದ್ದಿ ಕೊಡುತ್ತೇನೆ.