ಮರೆತ ಸಬ್‌ಸ್ಕ್ರಿಪ್ಷನ್‌ಗೆ ಹೋದ ಹಣ ವಾಪಸ್ ಬರುತ್ತಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಕಳೆದ ವರ್ಷ ಮೊಮ್ಮಗ ರಜೆಗೆ ಬಂದಾಗ ಕಾರ್ಟೂನ್ ಬೇಕು ಅಂತ ಹಟ ಮಾಡಿದ. ಒಂದು ವಿಡಿಯೋ ಆ್ಯಪ್‌ನಲ್ಲಿ 1 ರೂಪಾಯಿ ಟ್ರಯಲ್ ತಗೊಂಡೆ. ಅವನು ಹೋದ ಮೇಲೆ ಆ್ಯಪ್ ಡಿಲೀಟ್ ಮಾಡಿದೆ. ಮೊನ್ನೆ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ನೋಡಿದರೆ, ಮೂರು ತಿಂಗಳಿಗೊಮ್ಮೆ 399 ರೂಪಾಯಿಯಂತೆ ನಾಲ್ಕು ಸಲ ಹಣ ಹೋಗಿದೆ. ಇದು ಮೋಸ ಅಲ್ವಾ? ಹಣ ವಾಪಸ್ ಸಿಗುತ್ತಾ?
– ಓದುಗರು, ಶಿವಮೊಗ್ಗ

ಉತ್ತರ: ಮೇಡಂ, ಹೋದ ಹಣ ಕೇಳುವ ಮೊದಲು ಮುಂದಿನ ಕಂತು ಹೋಗದ ಹಾಗೆ ಮಾಡಿ. ಇವತ್ತೇ ಮಾಡಿ. ಫೋನಿನಿಂದ ಆ್ಯಪ್ ತೆಗೆದರೂ ಸಬ್‌ಸ್ಕ್ರಿಪ್ಷನ್ ಹಾಗೇ ಉಳಿದಿರುತ್ತದೆ. ನೀವು ಅವತ್ತು ಯುಪಿಐ ಪಿನ್ ಒತ್ತಿದ್ದು ಬರೀ 1 ರೂಪಾಯಿಗೆ ಅಲ್ಲ. ಅದೇ ಪಿನ್ ಆಟೋಪೇ ಮ್ಯಾಂಡೇಟ್‌ಗೂ, ಅಂದರೆ ಮುಂದೆ ಪ್ರತಿ ಕಂತಿನ ಹಣ ತಾನಾಗೇ ಕಟ್ ಆಗುವ ಅನುಮತಿಗೂ, ಒಪ್ಪಿಗೆ ಆಯಿತು. ಆ ಸ್ಕ್ರೀನಿನಲ್ಲಿ ಗರಿಷ್ಠ ಎಷ್ಟು ಹಣ, ಎಷ್ಟು ದಿನಕ್ಕೊಮ್ಮೆ, ಎಲ್ಲಿಯವರೆಗೆ ಅಂತ ಬರೆದಿರುತ್ತದೆ. ಎಷ್ಟೋ ಮ್ಯಾಂಡೇಟ್‌ಗಳ ಕೊನೇ ದಿನಾಂಕ ಇಪ್ಪತ್ತು, ಮೂವತ್ತು ವರ್ಷ ಮುಂದೆ ಇರುತ್ತದೆ. ಪಕ್ಕದಲ್ಲಿ ಮಗು ಅಳ್ತಾ ಇರುವಾಗ ಅದನ್ನೆಲ್ಲ ಓದುವವರು ಯಾರು?

ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಯಾವುದರಿಂದ ಕಟ್ಟಿದ್ದಿರೋ ಅದನ್ನು ತೆರೆಯಿರಿ. ಪ್ರೊಫೈಲ್‌ನಲ್ಲಿ ಆಟೋಪೇ ಅಂತ ಒಂದು ವಿಭಾಗ ಇರುತ್ತದೆ. ಅಲ್ಲಿ ಆ ಕಂಪನಿಯ ಹೆಸರು ಒತ್ತಿ ಮ್ಯಾಂಡೇಟ್ ರದ್ದು ಮಾಡಿ. ಅಲ್ಲೇ 'ಪಾಸ್' (Pause) ಅಂತಲೂ ಇರಬಹುದು. ಅದನ್ನು ಒತ್ತಬೇಡಿ, ಅದು ಸ್ವಲ್ಪ ದಿನ ತಡೆಯುತ್ತದೆ ಅಷ್ಟೇ. ಯಾವ ಆ್ಯಪ್‌ನಿಂದ ಮಾಡಿದ್ದು ಅಂತ ನೆನಪಿಲ್ಲವಾ? ಬ್ಯಾಂಕಿನ ಮೆಸೇಜ್‌ನಲ್ಲಿ ಯುಎಂಎನ್ (UMN) ಅಂತ ಮ್ಯಾಂಡೇಟ್‌ನ ಗುರುತಿನ ಉದ್ದದ ನಂಬರ್ ಇದ್ದರೆ ಅದರ ತುದಿ ನೋಡಿ. 'ವೈಬಿಎಲ್' ಅಂತ ಇದ್ದರೆ ಫೋನ್‌ಪೇ. 'ಓಕೆ' ಅಂತ ಶುರುವಾಗಿ ಬ್ಯಾಂಕಿನ ಹೆಸರು ಬಂದರೆ ಗೂಗಲ್ ಪೇ.

ಇಷ್ಟಕ್ಕೆ ನಿಲ್ಲಿಸಬೇಡಿ. ಮ್ಯಾಂಡೇಟ್ ರದ್ದಾದರೆ ಹಣ ಹೋಗುವುದು ನಿಲ್ಲುತ್ತದೆ, ಆದರೆ ಕಂಪನಿಯ ಲೆಕ್ಕದಲ್ಲಿ ನೀವು ಇನ್ನೂ ಗ್ರಾಹಕರೇ. ಅವರ ವೆಬ್‌ಸೈಟಿಗೆ ಹೋಗಿ ನಿಮ್ಮ ಮೊಬೈಲ್ ನಂಬರ್ ಕೊಟ್ಟು ಲಾಗಿನ್ ಆಗಿ, ಅಲ್ಲೂ ಕ್ಯಾನ್ಸಲ್ ಮಾಡಿ. ಎರಡೂ ಕಡೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಈಗ ಮೋಸದ ಪ್ರಶ್ನೆ. ಒಪ್ಪಿಗೆ ನೀವೇ ಕೊಟ್ಟಿರುವುದರಿಂದ ಇದು ಬ್ಯಾಂಕಿನ ಭಾಷೆಯಲ್ಲಿ 'ಅನಧಿಕೃತ ವಹಿವಾಟು' ಆಗುವುದಿಲ್ಲ. ಮರೆತು ಹೋಯಿತು ಅನ್ನುವ ಒಂದೇ ಕಾರಣಕ್ಕೆ ಕಂಪನಿ ಹಣ ಕೊಡಲೇಬೇಕು ಅಂತ ಕಾನೂನೂ ಇಲ್ಲ. ಆದರೆ ಕಂಪನಿ ನಡೆದುಕೊಂಡ ರೀತಿ ಸರಿ ಇತ್ತಾ ಅನ್ನುವುದು ಬೇರೆ ಪ್ರಶ್ನೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್', ಅಂದರೆ ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳನ್ನು, ತಡೆಯುವ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಹೆಸರಿಸಿರುವ 13 ಬಗೆಯ ಚಾಲಾಕಿತನಗಳಲ್ಲಿ 'ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್' ಕೂಡ ಒಂದು. ಕ್ಯಾನ್ಸಲ್ ಬಟನ್ ಬಚ್ಚಿಡುವುದು, ರದ್ದತಿಯನ್ನು ಸುಮ್ನೆ ಉದ್ದ ಮಾಡುವುದು, ಉಚಿತ ಸದಸ್ಯತ್ವಕ್ಕೂ ಆಟೋ ಡೆಬಿಟ್ ಒಪ್ಪಿಗೆ ಹಠ ಮಾಡಿ ಪಡೆಯುವುದು, ಇವೆಲ್ಲ ಅದರಲ್ಲಿ ಬರುತ್ತವೆ. ನಿಮ್ಮದು 1 ರೂಪಾಯಿ ಟ್ರಯಲ್ ಆದ್ದರಿಂದ 'ಉಚಿತ ಅಲ್ಲವಲ್ಲ' ಅಂತ ಕಂಪನಿ ವಾದಿಸಬಹುದು. ಹಾಗಾಗಿ ಕ್ಯಾನ್ಸಲ್ ಮಾಡಲು ಎಷ್ಟು ಕಷ್ಟ ಆಯಿತು ಅನ್ನುವುದನ್ನೇ ಮುಂದಿಡಿ. ಎಲ್ಲೆಲ್ಲಿ ಒತ್ತಬೇಕಾಯಿತು ಅಂತ ಚಿತ್ರ ಸಮೇತ ದಾಖಲೆ ಮಾಡಿ.

ಇನ್ನೊಂದು ಮುಖ್ಯ ವಿಷಯ. ಆಟೋಪೇ ಹಣ ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಕಂಪನಿಯ ಹೆಸರು, ಮೊತ್ತ, ದಿನಾಂಕ ಎಲ್ಲ ಅದರಲ್ಲಿ ಇರಬೇಕು. ನಾಲ್ಕು ಸಲಕ್ಕೂ ಅಂಥ ಮೆಸೇಜ್ ಬಂದಿತ್ತಾ, ಇನ್‌ಬಾಕ್ಸ್‌ನಲ್ಲಿ ಹುಡುಕಿ. ಯುಪಿಐ ಆ್ಯಪ್‌ನ ಒಳಗಿನ ನೋಟಿಫಿಕೇಶನ್, ಇಮೇಲ್ ಕೂಡ ನೋಡಿ. ಯಾವುದೂ ಬಂದಿಲ್ಲ ಅಂತಾದರೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ಪುಕ್ಕಟೆಯಾಗಿ ದೂರು ಕೊಡಬಹುದು. ಮಾಹಿತಿಗೆ 14448.

ಕಂಪನಿಗೆ ಬರೆಯುವಾಗ ಸಿಟ್ಟು ಬೇಡ, ಕಥೆಯೂ ಬೇಡ. ಹೀಗೆ ಬರೆಯಿರಿ: "ನನ್ನ ಮೊಬೈಲ್ ನಂಬರ್ ಇದು. ಈ ನಾಲ್ಕು ದಿನಾಂಕಗಳಲ್ಲಿ ತಲಾ 399 ರೂಪಾಯಿ ಕಟ್ ಆಗಿದೆ, ವಹಿವಾಟಿನ ನಂಬರ್‌ಗಳು ಕೆಳಗಿವೆ. ಟ್ರಯಲ್ ಮುಗಿದ ಮೇಲೆ ಒಂದು ಸಲವೂ ನಾನು ನಿಮ್ಮ ಸೇವೆ ಬಳಸಿಲ್ಲ. ನಿಮ್ಮ ದಾಖಲೆಯಲ್ಲಿ ನನ್ನ ಕೊನೇ ವೀಕ್ಷಣೆಯ ದಿನಾಂಕ ನೋಡಿ ತಿಳಿಸಿ. ಸದಸ್ಯತ್ವ ಇವತ್ತು ರದ್ದು ಮಾಡಿದ್ದೇನೆ. ಬಳಸದ ಅವಧಿಯ ಹಣ ಹಿಂದಿರುಗಿಸಿ." ಆ ಕೊನೇ ವೀಕ್ಷಣೆಯ ದಿನಾಂಕ ಕೇಳುವುದನ್ನು ಮಾತ್ರ ಬಿಡಬೇಡಿ. ನೀವು ಬಳಸಿಲ್ಲ ಅನ್ನುವುದಕ್ಕೆ ಸಾಕ್ಷಿ ಅವರ ಸರ್ವರ್‌ನಲ್ಲೇ ಇದೆ. ಅದನ್ನು ಬಾಯಿಬಿಟ್ಟು ಕೇಳಿದವರಿಗೆ 'ನಮ್ಮ ಪಾಲಿಸಿಯಲ್ಲಿ ಇಲ್ಲ' ಅನ್ನುವ ಸಿದ್ಧ ಉತ್ತರ ಕೊಟ್ಟು ಕಳಿಸುವುದು ಕಷ್ಟ.

ನಾಲ್ಕೂ ಕಂತು ಬರುತ್ತದೆ ಅಂತ ನಾನು ಭರವಸೆ ಕೊಡಲಾರೆ. ಕೊನೇ ಕಂತಿನ ಮೇಲೆ ಆಸೆ ಇಡಬಹುದು, ಹಿಂದಿನವು ಕಷ್ಟ. ಆದರೂ ಎಲ್ಲವನ್ನೂ ಕೇಳಿ. ಒಪ್ಪದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವಿರುವ ಜಿಲ್ಲೆಯಲ್ಲೇ ದಾಖಲಿಸಬಹುದು, ಎರಡು ವರ್ಷದ ಒಳಗೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ. ಮೊತ್ತ ಸಣ್ಣದು ಅಂತ ನಾಚಿಕೊಳ್ಳುವ ಅಗತ್ಯವೂ ಇಲ್ಲ. ನಿವೃತ್ತರ ಖಾತೆಯಿಂದ ಹೀಗೆ ಗೊತ್ತಾಗದೆ ಹೋಗುವ 1,596 ರೂಪಾಯಿ ನನ್ನ ಪ್ರಕಾರ ಸಣ್ಣ ಮೊತ್ತ ಅಲ್ಲವೇ ಅಲ್ಲ.

ದಯವಿಟ್ಟು ಒಂದು ಎಚ್ಚರ. ಆ ಕಂಪನಿಯ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಕಳ್ಳರು ಹಾಕಿದ ನಂಬರ್‌ಗಳೂ ಇರುತ್ತವೆ. 'ರೀಫಂಡ್ ಕಳಿಸ್ತೀವಿ, ಸ್ಕ್ರೀನ್ ಶೇರ್ ಮಾಡಿ, ಪಿನ್ ಹಾಕಿ' ಅಂದರೆ ಫೋನ್ ಇಟ್ಟುಬಿಡಿ. ಮ್ಯಾಂಡೇಟ್ ರದ್ದು ಮಾಡುವಾಗ ನಿಮ್ಮ ಯುಪಿಐ ಆ್ಯಪ್ ಪಿನ್ ಕೇಳಬಹುದು, ಅದು ಸರಿ. ಆದರೆ ಹಣ ನಿಮ್ಮ ಖಾತೆಗೆ ಬರಲು ಪಿನ್ ಯಾವತ್ತೂ ಬೇಡ. ಅಕಸ್ಮಾತ್ ಹಣ ಹೋದರೆ ತಡ ಮಾಡದೆ 1930ಕ್ಕೆ, ಅಂದರೆ ಸೈಬರ್ ವಂಚನೆಯ ಸಹಾಯವಾಣಿಗೆ ಕರೆ ಮಾಡಿ.

ಪ್ರಶ್ನೆ: ವಿದೇಶಿ ಕಂಪನಿಯೊಂದರ ಡಿಸೈನ್ ಸಾಫ್ಟ್‌ವೇರ್ ವರ್ಷದ ಪ್ಲ್ಯಾನ್ ತಗೊಂಡಿದ್ದೆ. ಕೆಲಸ ಬದಲಾದ ಮೇಲೆ ತೆರೆದೇ ಇಲ್ಲ. ಮೂರು ದಿನದ ಹಿಂದೆ ಕ್ರೆಡಿಟ್ ಕಾರ್ಡಿನಿಂದ 11,800 ರೂಪಾಯಿ ಹೋಗಿ ತಾನಾಗೇ ರಿನ್ಯೂ ಆಗಿದೆ. ಕಾರ್ಡ್ ಬ್ಲಾಕ್ ಮಾಡಿ 'ಇದು ನಾನು ಮಾಡಿದ್ದಲ್ಲ' ಅಂತ ಬ್ಯಾಂಕಿಗೆ ಹೇಳಿದರೆ ಹಣ ಬರುತ್ತೆ ಅಂತ ಗೆಳೆಯರು ಹೇಳ್ತಾರೆ. ಹಾಗೆ ಮಾಡಲಾ?
– ಓದುಗರು, ಮೈಸೂರು

ಉತ್ತರ: ಬೇಡ. ಸುಳ್ಳು ಹೇಳಿದರೆ ಕೇಸ್ ನೀವೇ ಹಾಳು ಮಾಡಿಕೊಂಡ ಹಾಗೆ. ಚಾರ್ಜ್‌ಬ್ಯಾಕ್ ಹಾಕಿದಾಗ, ಅಂದರೆ ಕಾರ್ಡಿನಿಂದ ಹೋದ ಹಣ ವಾಪಸ್ ತರಿಸಿ ಅಂತ ಬ್ಯಾಂಕಿಗೆ ತಕರಾರು ಕೊಟ್ಟಾಗ, ಕಂಪನಿ ನಿಮ್ಮ ಲಾಗಿನ್ ದಾಖಲೆ, ಹಳೇ ಬಿಲ್ಲು, ಮೊದಲ ಸಲದ ಒಪ್ಪಿಗೆ ಎಲ್ಲ ಕೊಡುತ್ತದೆ. ಬ್ಯಾಂಕು ಅವರ ಕಡೆಗೇ ವಾಲುತ್ತದೆ. ನೀವು ಮೊದಲೇ ಕ್ಯಾನ್ಸಲ್ ಮಾಡಿದ್ದರೂ ಹಣ ಕಟ್ ಆದರೆ, ಅಥವಾ ರೀಫಂಡ್ ಕೊಡ್ತೀವಿ ಅಂತ ಹೇಳಿ ಕೊಡದಿದ್ದರೆ, ಆಗ ಚಾರ್ಜ್‌ಬ್ಯಾಕ್ ಗಟ್ಟಿ ನಿಲ್ಲುತ್ತದೆ.

ನಿಮ್ಮ ಬಲ ಬೇರೆ ಕಡೆ ಇದೆ. ಬರೀ ಮೂರು ದಿನ ಆಗಿದೆ. ರಿನ್ಯೂ ಆದ ಮೇಲೆ ಇಂತಿಷ್ಟು ದಿನದ ಒಳಗೆ ಕೇಳಿದರೆ ಹಣ ಕೊಡುವ ಪಾಲಿಸಿ ಹಲವು ಸಾಫ್ಟ್‌ವೇರ್ ಕಂಪನಿಗಳಿಗೆ ಇದೆ. ಅವರ ಷರತ್ತುಗಳಲ್ಲಿ ಅದನ್ನು ಹುಡುಕಿ, ಸಿಕ್ಕ ಸಾಲನ್ನೇ ಚಾಟ್‌ನಲ್ಲಿ ಅಂಟಿಸಿ ಕೇಳಿ. ಚಾಟ್ ಮುಗಿದಾಗ ಅದರ ಪ್ರತಿ ಇಮೇಲ್‌ಗೆ ಕಳಿಸಿಕೊಳ್ಳಿ. ಅಲ್ಲಿಯವರೆಗೆ ಸಾಫ್ಟ್‌ವೇರ್ ತೆರೆಯಲೇಬೇಡಿ. ಕ್ಯಾನ್ಸಲ್ ಮಾಡಲು ವೆಬ್‌ಸೈಟಿಗೆ ಲಾಗಿನ್ ಆದರೆ ತೊಂದರೆ ಇಲ್ಲ. ಆದರೆ ಸುಮ್ನೆ ನೋಡೋಣ ಅಂತ ಒಂದು ಫೈಲ್ ತೆರೆದರೂ 'ಬಳಸಿದ್ದೀರಿ' ಅನ್ನುತ್ತಾರೆ.

ಕ್ಯಾನ್ಸಲ್ ಒತ್ತಿದಾಗ 'ಎರಡು ತಿಂಗಳು ಉಚಿತ', 'ಅರ್ಧ ಬೆಲೆಗೆ ಮುಂದುವರಿಯಿರಿ' ಅಂತ ಸ್ಕ್ರೀನ್ ಬರುತ್ತವೆ. ಅದರಲ್ಲಿ ಒಂದನ್ನು ಒಪ್ಪಿದರೂ ಹೊಸ ಕರಾರು ಶುರುವಾಗಬಹುದು. 'ನಿಮ್ಮ ಪ್ಲ್ಯಾನ್ ರದ್ದಾಗಿದೆ' ಅನ್ನುವ ಇಮೇಲ್ ಕೈಗೆ ಸಿಗುವ ತನಕ ಕೆಲಸ ಮುಗಿದಿಲ್ಲ ಅಂತಲೇ ತಿಳಿಯಿರಿ.

ಬ್ಯಾಂಕಿನ ಕಡೆಯಿಂದ ಇ-ಮ್ಯಾಂಡೇಟ್, ಅಂದರೆ ಕಾರ್ಡಿನಿಂದ ತಾನಾಗೇ ಹಣ ಕಟ್ ಆಗುವ ಅನುಮತಿ, ತೆಗೆಸುವುದೂ ಸುಲಭ. ಬ್ಯಾಂಕಿನ ಆ್ಯಪ್‌ನಲ್ಲೋ, ಹಲವು ಬ್ಯಾಂಕುಗಳು ಬಳಸುವ ಸಿಹಬ್ ಅನ್ನುವ ಪೋರ್ಟಲ್‌ನಲ್ಲೋ ನಿಮ್ಮ ಕಾರ್ಡಿನ ಮೇಲಿರುವ ಮ್ಯಾಂಡೇಟ್‌ಗಳ ಪಟ್ಟಿ ಸಿಗುತ್ತದೆ. ವಿದೇಶಿ ಕಂಪನಿಗೂ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಅನ್ವಯ. ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟಿನ ಸ್ವಿಚ್ಚನ್ನು ಸದ್ಯಕ್ಕೆ ಆಫ್ ಮಾಡಿಟ್ಟರೂ ಒಳ್ಳೆಯದು. ಹಾಗೇ ಗೊತ್ತಿರಲಿ: 2022ರ ಜೂನ್‌ನಿಂದ ಇಂಥ ಚಂದಾಗಳಲ್ಲಿ ಒಂದು ಕಂತು 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ಓಟಿಪಿಯಂಥ ದೃಢೀಕರಣ ಬೇಕು. ನಿಮ್ಮದು ಅದರ ಕೆಳಗಿದ್ದದ್ದರಿಂದ ಕೇಳದೆ ಹೋಯಿತು. ಡಾಲರ್‌ನಲ್ಲಿ ಬಿಲ್ ಆಗಿದ್ದರೆ, ರೀಫಂಡ್ ಬಂದಾಗ ವಿನಿಮಯ ದರದ ವ್ಯತ್ಯಾಸದಿಂದ ಸ್ವಲ್ಪ ಕಡಿಮೆ ಕಾಣಬಹುದು.

ಪ್ರಶ್ನೆ: ಮಗಳು ನನ್ನ ಫೋನಿನಲ್ಲಿ ಒಂದು ಗೇಮ್‌ಗೆ ವಾರದ ಸಬ್‌ಸ್ಕ್ರಿಪ್ಷನ್ ಹಾಕಿದ್ದಾಳೆ. ನಿನ್ನೆ ರಾತ್ರಿ ಹಣ ಹೋಗಿದೆ. ಬ್ಯಾಂಕಿಗೆ ಹೋಗಬೇಕಾ?
– ಓದುಗರು, ಹುಬ್ಬಳ್ಳಿ

ಉತ್ತರ: ಬ್ಯಾಂಕಿಗೆ ಬೇಡ, ಗೂಗಲ್ ಪ್ಲೇಗೆ ಹೋಗಿ. ಹಣ ಹೋದ 48 ಗಂಟೆಯ ಒಳಗಾದರೆ ರೀಫಂಡನ್ನು ಗೂಗಲ್‌ಗೇ ಕೇಳಬಹುದು, ಹಾಗಾಗಿ ಇವತ್ತೇ ಕೇಳಿ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೋ ಒತ್ತಿದರೆ 'ಪಾವತಿ ಮತ್ತು ಸಬ್‌ಸ್ಕ್ರಿಪ್ಷನ್' ಸಿಗುತ್ತದೆ. ಅಲ್ಲಿ ಮೊದಲು ಕ್ಯಾನ್ಸಲ್ ಮಾಡಿ, ಆಮೇಲೆ ರೀಫಂಡ್ ಅರ್ಜಿ ಹಾಕಿ. ಮನೆಯವರು ಗೊತ್ತಿಲ್ಲದೆ ಮಾಡಿದ್ದು ಅನ್ನುವ ಕಾರಣ ಅಲ್ಲೇ ಆಯ್ಕೆಯಲ್ಲಿ ಬರುತ್ತದೆ. 48 ಗಂಟೆ ದಾಟಿದರೆ ಗೇಮ್ ಮಾಡಿದ ಕಂಪನಿಗೆ ಬರೆಯಬೇಕಾಗುತ್ತದೆ. ಐಫೋನ್ ಆಗಿದ್ದರೆ ಆ್ಯಪಲ್‌ನ 'ರಿಪೋರ್ಟ್ ಎ ಪ್ರಾಬ್ಲಂ' ಪುಟದಲ್ಲಿ ಇದೇ ಕೆಲಸ ಆಗುತ್ತದೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇವತ್ತೇ ಬದಲಾಯಿಸಿ, ಆ ಪಾಸ್‌ವರ್ಡ್ ಮಗಳಿಗೆ ಗೊತ್ತಿಲ್ಲದ್ದಾಗಿರಲಿ.