ನೇಪರ್‌ವಿಲ್‌ಗೆ ಬರುವ ಮುಂಚೆ, ಮಕ್ಕಳ ಸ್ಕೂಲಿನ ಬಗ್ಗೆ

ಯಜಮಾನರಿಗೆ ಷಿಕಾಗೋ ಆಫೀಸಿಗೆ ವರ್ಗವಾಗಿದೆ, ಜುಲೈನಲ್ಲಿ ಅದರ ಹೊರವಲಯದ ನೇಪರ್‌ವಿಲ್‌ಗೆ ಬರುತ್ತೀವಿ, ಮಗಳು ಏಳನೇ ಕ್ಲಾಸು, ಮಗನಿಗೆ ನಾಲ್ಕು ತುಂಬಿದರೂ ಮಾತು ಇನ್ನೂ ಸರಿಯಾಗಿ ಬಂದಿಲ್ಲ ಅಂತ ಬರೆದಿದ್ದೀರಿ. ಸರ್ಕಾರಿ ಶಾಲೆ ನಡೆಯುತ್ತದಾ, ಪ್ರೈವೇಟಿಗೆ ಅಂತ ಈಗಲೇ ಡೊನೇಷನ್ ಎತ್ತಿಡಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ಡೊನೇಷನ್ ಮಾತು ಬಿಟ್ಟುಬಿಡಿ. ನೇಪರ್‌ವಿಲ್‌ನಲ್ಲಿ ನಮ್ಮವರ ಮಕ್ಕಳು ಹೆಚ್ಚಾಗಿ ಹೋಗುವುದು ಸರ್ಕಾರಿ ಶಾಲೆಗೇ. ಅದು ನಡೆಯುವುದು ಬಹುಪಾಲು ಊರಿನವರು ಕಟ್ಟುವ ಮನೆ ಕಂದಾಯದಲ್ಲಿ. ನೀವು ಬಾಡಿಗೆಗಿದ್ದರೂ ಆ ಕಂದಾಯ ನಿಮ್ಮ ಬಾಡಿಗೆಯೊಳಗೇ ಸೇರಿರುತ್ತದೆ. ಅದಕ್ಕೇ, ಪುಕ್ಕಟೆ ಸಿಗುತ್ತಿದೆ ಅಂತ ಸಂಕೋಚಪಡಬೇಡಿ. ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ, ಜಿಲ್ಲೆಯಲ್ಲ. ಆ ಡಿಸ್ಟ್ರಿಕ್ಟಿನಲ್ಲಿ ಇರುವುದು ತುಂಬಾ ಇದೆ, ಆದರೆ ಅರ್ಧಕ್ಕರ್ಧ ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಸಿಗುತ್ತದೆ. ನಮ್ಮವರು ಮೇಲಿನ ಹಂತದ ಗಣಿತದ ಸೀಟು ಬಿಟ್ಟು ಬೇರೆ ಏನನ್ನೂ ಕೇಳುವುದಿಲ್ಲ ಅನ್ನುವುದು ನನ್ನ ತಕರಾರು.

ಮನೆ ಹುಡುಕುವಾಗ ಒಂದು ಎಚ್ಚರ. ವಿಳಾಸದಲ್ಲಿ ನೇಪರ್‌ವಿಲ್ ಅಂತಿದ್ದ ಮಾತ್ರಕ್ಕೆ ಎಲ್ಲ ಒಂದೇ ಡಿಸ್ಟ್ರಿಕ್ಟಲ್ಲ. ಊರಿನ ಒಂದು ಭಾಗ 203ನೇ ನಂಬರಿನ ಡಿಸ್ಟ್ರಿಕ್ಟಿಗೆ ಸೇರಿದೆ, ಇನ್ನೊಂದು ಭಾಗ ಇಂಡಿಯನ್ ಪ್ರೇರಿ 204ಕ್ಕೆ. 204ರ ಹೈಸ್ಕೂಲುಗಳು ವಾಬಾನ್ಸಿ ವ್ಯಾಲಿ, ನಿಯೋಕ್ವಾ ವ್ಯಾಲಿ, ಮೆಟೀಯಾ ವ್ಯಾಲಿ. ಎರಡು ಡಿಸ್ಟ್ರಿಕ್ಟೂ ಚೆನ್ನಾಗಿವೆ, ಯಾವುದು ಮೇಲು ಅನ್ನುವ ಚರ್ಚೆಗೆ ಇಲ್ಲಿ ಕೊನೆಯಿಲ್ಲ, ನಾನಂತೂ ಅದಕ್ಕೆ ಇಳಿಯಲ್ಲ. ಶಾಲೆ ಒಂದೂವರೆ ಮೈಲಿಗಿಂತ ದೂರವಿದ್ದರೆ ಹಳದಿ ಬಸ್ಸು ಬರುತ್ತದೆ. ಹತ್ತಿರವಿದ್ದರೆ ಜನವರಿಯ ಚಳಿಯಲ್ಲೂ ನೀವೇ ಬಿಟ್ಟುಬರಬೇಕಾದೀತು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ಮಗನ ವಿಷಯ, ನಿಮ್ಮ ಕಾಗದದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ಕಿಂಡರ್‌ಗಾರ್ಟನ್‌ಗೆ ಸೆಪ್ಟೆಂಬರ್ 1ಕ್ಕೆ ಐದು ತುಂಬಿರಬೇಕು, ಹಾಗಾಗಿ ಇನ್ನೊಂದು ವರ್ಷ ಸುಮ್ಮನಿರೋಣ ಅಂತ ನೀವು ಯೋಚಿಸಿರಬಹುದು. ಸುಮ್ಮನಿರಬೇಡಿ. ಕಲಿಕೆಗೆ, ಮಾತಿಗೆ ನೆರವು ಬೇಕಾದ ಮಗುವಿಗೆ ಮೂರನೇ ವರ್ಷದಿಂದಲೇ ಸೇವೆ ಕೊಡಬೇಕು ಅಂತ ಅಮೆರಿಕದ ಕಾನೂನೇ ಇದೆ. ಮನೆಗೆ ಸೇರಿದ ಮೇಲೆ ಡಿಸ್ಟ್ರಿಕ್ಟಿಗೆ ಒಂದು ಇಮೇಲ್ ಹಾಕಿ, ಮಗುವಿಗೆ ಇವ್ಯಾಲ್ಯುಯೇಷನ್, ಅಂದರೆ ಏನು ನೆರವು ಬೇಕು ಅನ್ನುವ ತಪಾಸಣೆ, ಬೇಕು ಅಂತ. ಫೋನಿನಲ್ಲಿ ಹೇಳಿದರೆ ಸಾಲದು, ಬರಹದಲ್ಲಿರಲಿ. ನಾವಿರುವ ಇಲಿನಾಯ್ ರಾಜ್ಯದಲ್ಲಿ, ಮಾಡುತ್ತೇವೋ ಇಲ್ಲವೋ ಅಂತ ಡಿಸ್ಟ್ರಿಕ್ಟಿನವರು 14 ಶಾಲಾ ದಿನಗಳೊಳಗೆ ಹೇಳಬೇಕು. ನೀವು ಒಪ್ಪಿಗೆಗೆ ಸಹಿ ಹಾಕಿದ ಮೇಲೆ 60 ಶಾಲಾ ದಿನಗಳಲ್ಲಿ ಅದನ್ನು ಮುಗಿಸಬೇಕು. ಆಮೇಲೆ ಮೇಜಿನ ಸುತ್ತ ಸ್ಪೀಚ್ ಥೆರಪಿಸ್ಟ್, ಟೀಚರ್, ಸೈಕಾಲಜಿಸ್ಟ್, ನೀವು ಎಲ್ಲ ಕೂತು ವಾರಕ್ಕೆ ಎಷ್ಟು ನಿಮಿಷ ಥೆರಪಿ ಅನ್ನುವುದರವರೆಗೆ ಬರೆದಿಡುತ್ತೀರಿ. ಐಇಪಿ (ಇಂಡಿವಿಜುವಲೈಸ್ಡ್ ಎಜುಕೇಷನ್ ಪ್ರೋಗ್ರಾಂ) ಅನ್ನುವುದು ಅದನ್ನೇ. ಹೊರಗಡೆ ದುಡ್ಡು ಕೊಟ್ಟು ಮಾಡಿಸಿದರೆ ಕಣ್ಣಲ್ಲಿ ನೀರು ಬರುವಷ್ಟು ಬಿಲ್ಲಾಗುವ ಥೆರಪಿ, ಇಲ್ಲಿ ಅದಕ್ಕೆ ಕಾಸಿಲ್ಲ.

"ಹಣೆಪಟ್ಟಿ ಅಂಟಿಸಿಬಿಡ್ತಾರೆ, ನಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ತಡವೇ" ಅಂತ ಊರಿಂದ ಅತ್ತೆ ಹೇಳಬಹುದು. ಹೇಳಲಿ. ಈ ಕಡತ ಮುಂದೆ ಕಾಲೇಜಿಗೆ ಹೋಗುವ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಬೇಡವಾದಾಗ ಸೇವೆ ನಿಲ್ಲಿಸಬಹುದು.

ಮಗಳನ್ನು ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಅಂತ ಒಂದು ಫಾರಂ ಕೇಳುತ್ತದೆ. ಇಎಸ್ಎಲ್, ಅಂದರೆ ಇಂಗ್ಲಿಷ್ ಸಾಲದವರ ಕ್ಲಾಸಿಗೆ ಹಾಕಿಬಿಡುತ್ತಾರೆ ಅನ್ನುವ ಹೆದರಿಕೆಗೆ ನಮ್ಮವರು ಕೆಲವರು ಇಂಗ್ಲಿಷ್ ಅಂತ ಬರೆದುಬಿಡುತ್ತಾರೆ. ಕನ್ನಡ ಅಂತಲೇ ಬರೆಯಿರಿ. ಒಂದು ಸಣ್ಣ ಪರೀಕ್ಷೆ ಇರುತ್ತದೆ, ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಹುಡುಗಿಗೆ ಅದೇನು ಕಷ್ಟವಲ್ಲ. ಕನ್ನಡ ಓದುಬರಹ ಉಳಿಸಿಕೊಂಡರೆ ಹೈಸ್ಕೂಲ್ ಮುಗಿಸುವಾಗ ಎರಡು ಭಾಷೆ ಚೆನ್ನಾಗಿ ಬಲ್ಲವರಿಗೆ ಕೊಡುವ ಸೀಲ್ ಆಫ್ ಬೈಲಿಟರಸಿಗೂ ಪ್ರಯತ್ನಿಸಬಹುದು. ಇಲಿನಾಯ್‌ನ ಸರ್ಕಾರಿ ಯೂನಿವರ್ಸಿಟಿಗಳು ಅದನ್ನು ಪರಿಗಣಿಸುತ್ತವೆ. ಷಿಕಾಗೋ ಕನ್ನಡಿಗರ ಸಂಘವಾದ ವಿದ್ಯಾರಣ್ಯ ಕನ್ನಡ ಕೂಟದವರನ್ನು ಸಂಪರ್ಕಿಸಿ, ಕನ್ನಡದ ಸಹವಾಸ ಸಿಗುತ್ತದೆ.

ಗಣಿತಕ್ಕೆ ಹಂತಗಳಿವೆ. ಹಳೇ ಅಂಕಪಟ್ಟಿ ತೋರಿಸಿ ಪ್ಲೇಸ್‌ಮೆಂಟ್ ಟೆಸ್ಟ್ ಕೇಳಿ, ಅಷ್ಟು ಸಾಕು. ಆರ್ಕೆಸ್ಟ್ರಾ, ಬ್ಯಾಂಡ್, ಕಾಯರ್ (ಗುಂಪುಗಾಯನ) ಇಲ್ಲಿ ಹವ್ಯಾಸವಲ್ಲ, ಟೈಮ್‌ಟೇಬಲ್ಲಿನಲ್ಲೇ ಪೀರಿಯಡ್ ಇರುವ ವಿಷಯಗಳು. ವಯೊಲಿನ್ ಹಿಡಿಯುವ ಮಕ್ಕಳು ಬಹಳಷ್ಟು ಎಲಿಮೆಂಟರಿಯಲ್ಲೇ ಶುರುಮಾಡಿರುತ್ತಾರೆ, ಏಳನೇ ಕ್ಲಾಸಿನಲ್ಲಿ ಸೇರಿದವಳು ಹಿಂದೆ ಬೀಳಬಹುದು. ಕಾಯರ್‌ಗೆ ಆ ತೊಂದರೆ ಕಡಿಮೆ. ಕರ್ನಾಟಕ ಸಂಗೀತ ಒಂದಿಷ್ಟು ಕಲಿತಿದ್ದಾಳೆ ಅಂದಿರಲ್ಲ, ಶ್ರುತಿ ಗಟ್ಟಿಯಿರುತ್ತದೆ, ಕಾಯರ್‌ಗೆ ಹಾಕಿ. ಹೊಸ ಊರಲ್ಲಿ ಮೊದಲ ಗೆಳತಿಯರು ಅಲ್ಲೇ ಸಿಕ್ಕಿಯಾರು.

ಹೈಸ್ಕೂಲಿನದು ಆಗ ನೋಡಿಕೊಳ್ಳಿ. ಕಾಲೇಜು ಮಟ್ಟದ ಎಪಿ ಕೋರ್ಸುಗಳ ಬಗ್ಗೆ ನಮ್ಮವರು ಹೇಳಿಯೇ ಹೇಳುತ್ತಾರೆ. ಹೇಳದೇ ಇರುವುದು ಅಂದರೆ, ಶಾಲೆಯಲ್ಲೇ ಡ್ರೈವರ್ ಎಜುಕೇಷನ್ ಇದೆ, ಅಡಿಸನ್‌ನಲ್ಲಿರುವ ಟೆಕ್ನಾಲಜಿ ಸೆಂಟರಿಗೆ ಅರ್ಧ ದಿನ ಹೋಗಿ ಅಡುಗೆ, ಆಟೋ ರಿಪೇರಿ, ನರ್ಸಿಂಗಿನಂಥ ಕಸಬು ಕಲಿಯಬಹುದು. ಇಂಜಿನಿಯರಿಂಗ್ ಒಂದೇ ದಾರಿ ಅಂದುಕೊಂಡವರ ಮನೆಯಲ್ಲಿ ಇದರ ಸುದ್ದಿಯೇ ಬರುವುದಿಲ್ಲ.

ಹೊರಡುವ ಮುಂಚೆ ಮಾಡಬೇಕಾದ್ದು: ಇಬ್ಬರ ಲಸಿಕೆ ಕಾರ್ಡೂ ಬ್ಯಾಗೇಜಿಗೆ ಹಾಕದೆ ಕೈಚೀಲದಲ್ಲಿಟ್ಟುಕೊಳ್ಳಿ. ಇಲಿನಾಯ್ ಶಾಲೆಗೆ ಮೊದಲ ಸಲ ಸೇರುವಾಗ ಇಲ್ಲಿನ ಫಾರಂನಲ್ಲಿ ಡಾಕ್ಟರ್ ತಪಾಸಣೆ ಆಗಬೇಕು. ಆರನೇ ಕ್ಲಾಸಿನಿಂದ ಮೇಲಿನವರಿಗೆ ಮೆನಿಂಗೋಕಾಕಲ್ (ಮಿದುಳುಪೊರೆಯ ಸೋಂಕು ತಡೆಯುವ) ಲಸಿಕೆ ಕೇಳುತ್ತಾರೆ, ನಮ್ಮಲ್ಲಿ ಅದನ್ನು ಹಾಕಿಸಿರುವವರು ಕಡಿಮೆ. ಶಾಲೆ ಆಗಸ್ಟ್‌ನಲ್ಲೇ ಶುರು, ಆ ಹೊತ್ತಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಜುಲೈನಲ್ಲಿ ಬಂದಿಳಿದ ವಾರವೇ ಬುಕ್ ಮಾಡಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಮನೆಯ ವಿಳಾಸ ನನಗೆ ಕಳಿಸಿ, ಯಾವ ಶಾಲೆಗೆ ಬರುತ್ತದೆ ಅಂತ ನೋಡಿ ಹೇಳುತ್ತೇನೆ.